ಬಾಣಂತಿ ಕೋಣೆಗೆ ಬಂದ ತಕ್ಕಡಿ

ಮುಂಬಯಿ, ಪುಣೆಯ ಪತ್ರಿಕೆಗಳಲ್ಲಿ ಗಡಚಿರೋಲಿಯ ಹೆಸರು ಕಾಣಿಸುವುದು ಹೆಚ್ಚಾಗಿ ನಕ್ಸಲರ ಸುದ್ದಿಯ ಜೊತೆಗೆ. ಮಹಾರಾಷ್ಟ್ರದ ಪೂರ್ವದ ಅಂಚಿನಲ್ಲಿರುವ ಈ ಕಾಡುಜಿಲ್ಲೆಯನ್ನು ವೈದ್ಯಲೋಕ ಬಲ್ಲದ್ದು ಬೇರೆಯೇ ಕಾರಣಕ್ಕೆ. ಹೆರಿಗೆಯಾದ ಮೇಲೆ ಮನೆಯೊಳಗೆ ತಾಯಿಗೂ ಕೂಸಿಗೂ ಏನಾಗುತ್ತದೆ ಎಂಬುದನ್ನು ಅಲ್ಲಿನ ಹಳ್ಳಿಯ ಹೆಂಗಸರು ದಿನದ ಲೆಕ್ಕದಲ್ಲಿ ಬರೆದಿಟ್ಟರು, ಆಮೇಲೆ ಅದನ್ನು ಬದಲಿಸಿಯೂ ತೋರಿಸಿದರು.

ಚಂದ್ರಪುರದಿಂದ ಬೇರ್ಪಟ್ಟು ಗಡಚಿರೋಲಿ ಜಿಲ್ಲೆಯಾದದ್ದು 1982ರಲ್ಲಿ. ಭತ್ತದ ಗದ್ದೆ, ದಟ್ಟ ಕಾಡು, ಗೊಂಡರ ಹಾಡಿಗಳು. ವೈದ್ಯ ದಂಪತಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಸಾರ್ವಜನಿಕ ಆರೋಗ್ಯ ಓದಿ ಬಂದು, 1980ರ ದಶಕದ ನಡುವಿನಲ್ಲಿ ಇಲ್ಲಿ ‘ಸರ್ಚ್’ ಎಂಬ ಸಂಸ್ಥೆ ಕಟ್ಟಿದರು. ರಾಣಿ ಬಂಗ್ ಸ್ತ್ರೀರೋಗ ತಜ್ಞೆ.

ಅವರು ಮೊದಮೊದಲು ಕೈಹಾಕಿದ ಕೆಲಸಗಳಲ್ಲಿ ಮಕ್ಕಳ ನ್ಯುಮೋನಿಯಾವೂ ಒಂದು. ಕೂಸಿನ ಉಸಿರು ಎಣಿಸಿದರೆ ರೋಗ ಗೊತ್ತಾಗುತ್ತದೆ. ಆದರೆ ಐವತ್ತು, ಅರವತ್ತರವರೆಗೆ ಎಣಿಸಲು ಬಾರದ ಸೂಲಗಿತ್ತಿ ಏನು ಮಾಡಬೇಕು? ಒಂದು ನಿಮಿಷದ ಮರಳು ಗಡಿಯಾರ, ಅದರ ಪಕ್ಕದಲ್ಲಿ ಬಣ್ಣದ ಮಣಿಗಳಿರುವ ಸಾಧನವೊಂದು ತಯಾರಾಯಿತು. ಹತ್ತು ಉಸಿರಿಗೆ ಒಂದು ಮಣಿ ಸರಿಸುವುದು. ಮರಳು ಮುಗಿಯುವ ಮೊದಲೇ ಕೆಂಪು ಮಣಿಗೆ ಕೈ ಬಂದರೆ ಔಷಧ. ಹಳ್ಳಿಯವರಿಗೆ ಲೆಕ್ಕ ಬರುವುದಿಲ್ಲ ಎಂದು ಗೊಣಗುವ ಬದಲು ಲೆಕ್ಕವನ್ನೇ ಮಣಿಗೆ ಇಳಿಸಿದ ಈ ಜಾಣ್ಮೆಯೇ ಮುಂದಿನ ಕೆಲಸಕ್ಕೆ ದಾರಿಯಾಯಿತು.

ಆಗ ಅಲ್ಲಿ ಹೆರಿಗೆಗಳು ನಡೆಯುತ್ತಿದ್ದುದು ಬಹುಪಾಲು ಮನೆಯಲ್ಲೇ. ಹೆರಿಗೆ ಮುಗಿದರೆ ಸೂಲಗಿತ್ತಿಯ ಮುಖ್ಯ ಕೆಲಸವೂ ಮುಗಿಯಿತು. ಆಮೇಲಿನದು ಮನೆಯವರಿಗೆ ಬಿಟ್ಟದ್ದು. ಕನ್ನಡದ ಮನೆಗಳಲ್ಲೂ ಬಾಣಂತನವೆಂದರೆ ಹಾಗೆಯೇ ಅಲ್ಲವೆ? ಎಣ್ಣೆ-ನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಕಿವಿಗೆ ಬಿಗಿದು ಕಟ್ಟಿದ ಬಟ್ಟೆ. ಅದರಲ್ಲಿ ಬೆಚ್ಚಗಿಡುವ ವಿವೇಕವಿತ್ತು, ದಣಿದ ಹೆಣ್ಣಿಗೆ ಒಂದಿಷ್ಟು ಬಿಡುವೂ ಇತ್ತು. ಕೂಸು ಎಷ್ಟು ತೂಗುತ್ತದೆ ಎಂದು ನೋಡುವ ತಕ್ಕಡಿ ಮಾತ್ರ ಇರಲಿಲ್ಲ.

1995ರಲ್ಲಿ 39 ಹಳ್ಳಿಗಳಲ್ಲಿ ಕೆಲಸ ಶುರುವಾಯಿತು. ಹೋಲಿಕೆಗೆ ಇನ್ನೂ 47 ಹಳ್ಳಿಗಳನ್ನು ಹಾಗೆಯೇ ಬಿಟ್ಟು ಲೆಕ್ಕ ಇಡಲಾಯಿತು. ಐದರಿಂದ ಹತ್ತನೇ ಇಯತ್ತೆಯವರೆಗೆ ಓದಿದ ಹಳ್ಳಿಯ ಹೆಂಗಸರನ್ನೇ ಆರಿಸಿ ತರಬೇತಿ ಕೊಟ್ಟರು. ‘ಆರೋಗ್ಯದೂತ’ ಎಂದು ಅವರಿಗೆ ಹೆಸರು. ಹೆರಿಗೆಯ ಹೊತ್ತಿಗೆ ಸೂಲಗಿತ್ತಿಯ ಜೊತೆಗಿದ್ದು, ಆಮೇಲೆ 28 ದಿನಗಳಲ್ಲಿ ಮತ್ತೆ ಮತ್ತೆ ಆ ಮನೆಗೆ ಹೋಗಬೇಕು. ಚೀಲದಲ್ಲಿ ಸ್ಪ್ರಿಂಗ್ ತಕ್ಕಡಿ, ಥರ್ಮಾಮೀಟರ್, ಕೂಸನ್ನು ಬೆಚ್ಚಗಿಡುವ ಚೀಲ.

ಮೊದಲ ವರ್ಷ ನೋಡುವುದು, ಬರೆಯುವುದೇ ಮುಖ್ಯ ಕೆಲಸ. ಹಾಗೆ ನೋಡಿದ 763 ಶಿಶುಗಳಲ್ಲಿ ಶೇ. 54ರಷ್ಟಕ್ಕೆ ಚಿಕಿತ್ಸೆ ಬೇಕಿತ್ತು. ವೈದ್ಯರ ಕಣ್ಣಿಗೆ ಬಿದ್ದದ್ದು ಶೇ. 2.6 ಮಾತ್ರ. ತಾಯಂದಿರದೂ ಅದೇ ಕಥೆ. 772 ಬಾಣಂತಿಯರಲ್ಲಿ ಶೇ. 43ರಷ್ಟು ಮಂದಿಗೆ ಹೆರಿಗೆಯ ನಂತರ ಒಂದಲ್ಲ ಒಂದು ಕಾಯಿಲೆ: ಮೊಲೆಯ ತೊಂದರೆ, ನಂಜು, ತಡವಾಗಿ ಕಾಣಿಸಿಕೊಂಡ ರಕ್ತಸ್ರಾವ. ಬಾಣಂತಿಗೆ ಇದೆಲ್ಲ ಇದ್ದದ್ದೇ ಎಂದು ಮನೆಯವರು ಬಿಟ್ಟಿದ್ದರ ಪಟ್ಟಿ ಇದು.

ಎರಡನೇ ವರ್ಷ ಸೆಪ್ಸಿಸ್‌ಗೆ, ಅಂದರೆ ಮೈಗೆಲ್ಲ ಹಬ್ಬುವ ಸೋಂಕಿಗೆ, ಮನೆಯಲ್ಲೇ ಚಿಕಿತ್ಸೆ ಆರಂಭವಾಯಿತು. ಅದನ್ನು ಗುರುತಿಸಲು ಪ್ರಯೋಗಾಲಯ ಬೇಕಿರಲಿಲ್ಲ. ಚೆನ್ನಾಗಿ ಅಳುತ್ತಿದ್ದ ಕೂಸಿನ ಅಳು ಕ್ಷೀಣವಾಯಿತೆ? ಹಾಲು ಕುಡಿಯುವುದು ಬಿಟ್ಟಿತೆ? ಮೈ ತಣ್ಣಗಾಯಿತೆ, ಜೋಲುಬಿದ್ದಿತೆ? ಹೊಟ್ಟೆ ಉಬ್ಬಿತೆ, ಹೊಕ್ಕುಳಲ್ಲಿ ಕೀವು ಕಟ್ಟಿತೆ? ಇಂಥ ಲಕ್ಷಣಗಳಲ್ಲಿ ಎರಡು ಒಟ್ಟಿಗೆ ಕಂಡರೆ ಸಾಕು. ಯಾವ ಅಜ್ಜಿಯೂ ಹೇಳಬಲ್ಲ ಮಾತುಗಳಿವು. ಅವಕ್ಕೆ ಈಗ ಔಷಧದ ಬೆಂಬಲ ಸಿಕ್ಕಿತು, ಅಷ್ಟೆ. ಮೊದಲು ಆಸ್ಪತ್ರೆಗೆ ಹೋಗಿ ಎನ್ನುವುದು. ಮನೆಯವರು ಒಪ್ಪದಿದ್ದರೆ ಆರೋಗ್ಯದೂತಳೇ ಜೆಂಟಾಮೈಸಿನ್ ಇಂಜೆಕ್ಷನ್ ಚುಚ್ಚಿ, ಕುಡಿಯುವ ಔಷಧ ಕೊಡುತ್ತಿದ್ದಳು.

ಏಳನೇ ಇಯತ್ತೆ ಓದಿದವಳ ಕೈಗೆ, ಅದೂ ಹಸುಗೂಸಿಗೆ ಚುಚ್ಚಲು, ಸಿರಿಂಜ್ ಕೊಡುವುದೆಂದರೆ ಸಣ್ಣ ಮಾತಲ್ಲ. ಆದರೆ ಲೆಕ್ಕ ನೋಡಿ. ಮೊದಲು ಸೆಪ್ಸಿಸ್ ಆದ ನೂರು ಶಿಶುಗಳಲ್ಲಿ ಹದಿನಾರು ಹದಿನೇಳು ಸಾಯುತ್ತಿದ್ದವು, ಈ ಹೆಂಗಸರ ಚಿಕಿತ್ಸೆ ಸಿಕ್ಕವುಗಳಲ್ಲಿ ಮೂರಕ್ಕಿಂತ ಕಡಿಮೆ. ಕೆಲಸ ಆರಂಭವಾಗುವ ಮೊದಲು ಈ ಹಳ್ಳಿಗಳಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 62 ತಿಂಗಳೊಳಗೆ ತೀರಿಕೊಳ್ಳುತ್ತಿದ್ದವು. 1997-98ರಲ್ಲಿ ಅದು 25.5ಕ್ಕೆ ಇಳಿಯಿತು. ಹೋಲಿಕೆಯ ಹಳ್ಳಿಗಳಲ್ಲಿ 58 ಇದ್ದದ್ದು 59.6 ಆಗಿತ್ತು. ಈ ಕೊನೆಯ ಅಂಕಿ ಓದುವಾಗ ಮನಸ್ಸು ಕುಗ್ಗುತ್ತದೆ. ಪ್ರಯೋಗ ನಿಜವೆಂದು ಸಾಬೀತಾಗಲು ಅದೂ ಬೇಕಿತ್ತು, ಆದರೆ ಅದೂ ಮನೆಗಳ ಲೆಕ್ಕವೇ. 1999ರ ಡಿಸೆಂಬರಿನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನೆಲ್ಲ ಪ್ರಕಟಿಸಿತು. ಒಂದು ಕೂಸಿನ ಆರೈಕೆಗೆ ತಗುಲಿದ್ದ ವೆಚ್ಚ ಐದು ಡಾಲರಿನ ಆಸುಪಾಸು.

ಇದು ದೇಶದ ಕಾರ್ಯಕ್ರಮವಾಗಲು ಹನ್ನೆರಡು ವರ್ಷ ಹಿಡಿಯಿತು. ಅಷ್ಟರಲ್ಲಿ 2005ರ ಜನನಿ ಸುರಕ್ಷಾ ಯೋಜನೆಯಿಂದ ಹೆರಿಗೆಗಳು ಆಸ್ಪತ್ರೆಯತ್ತ ಸರಿಯತೊಡಗಿದ್ದವು. ಆದರೂ ಒಂದೆರಡು ದಿನದಲ್ಲಿ ತಾಯಿ-ಮಗು ಮನೆಗೆ ಬರುತ್ತಾರೆ, ಕೋಣೆಯ ಬಾಗಿಲು ಮೊದಲಿನ ಹಾಗೆಯೇ ಮುಚ್ಚುತ್ತದೆ. 2011ರಲ್ಲಿ ಕೇಂದ್ರ ಸರ್ಕಾರ ಆ ಬಾಗಿಲು ತಟ್ಟುವ ಕೆಲಸವನ್ನು ಆಶಾ ಕಾರ್ಯಕರ್ತೆಯರಿಗೆ ವಹಿಸಿತು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಾದರೆ 3, 7, 14, 21, 28, 42ನೇ ದಿನಗಳಂದು ಆರು ಭೇಟಿ. ಮನೆಯಲ್ಲಿ ಹುಟ್ಟಿದ್ದಾದರೆ ಮೊದಲ ದಿನವೂ ಸೇರಿ ಏಳು. ತಕ್ಕಡಿ ಬಂತು, ಥರ್ಮಾಮೀಟರ್ ಬಂತು. ಸಿರಿಂಜ್ ಬರಲಿಲ್ಲ. 2014ರಲ್ಲಿ ಜೆಂಟಾಮೈಸಿನ್ ಕೊಡುವ ಅನುಮತಿ ಎಎನ್‌ಎಂಗಳಿಗೆ ಸಿಕ್ಕಿತು, ಅವರ ಕೈಕೆಳಗೆ ಊರೂರು ತಿರುಗುವ ಆಶಾಗಳಿಗಲ್ಲ. ಗಡಚಿರೋಲಿಯ ಅರ್ಧ ಪಾಠವನ್ನು ಸರ್ಕಾರ ಕಲಿಯಿತು ಎನ್ನಬೇಕು. ಹಳ್ಳಿಯ ಹೆಂಗಸನ್ನು ಮನೆಮನೆಗೆ ಕಳಿಸಲು ಅಂಜದವರು ಅವಳ ಕೈಯನ್ನು ನಂಬಲು ಅಂಜಿದರು.

ಈ ಆರು ಭೇಟಿಗಳಿಗೆ, ಅಂದರೆ 42 ದಿನಗಳ ತೂಕ, ತಾಪ, ಹಾಲು, ಹೊಕ್ಕುಳ, ತಾಯಿಯ ರಕ್ತಸ್ರಾವ ಎಲ್ಲವನ್ನೂ ನೋಡಿ ಫಾರಂ ತುಂಬಿದ್ದಕ್ಕೆ, ಕಾರ್ಯಕ್ರಮದಲ್ಲಿ ನಿಗದಿಯಾದ ಪ್ರೋತ್ಸಾಹಧನ 250 ರೂಪಾಯಿ. ಅದೂ ಎಲ್ಲ ಭೇಟಿ ಮುಗಿದ ಮೇಲೆ. 2025ರ ಜನವರಿಯಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲೇ ಧರಣಿ ಕುಳಿತರು. ಅವರು ಕೇಳಿದ್ದು ತಿಂಗಳಿಗೆ 15,000 ರೂಪಾಯಿ ನಿಶ್ಚಿತ ಗೌರವಧನ.