ದಿ ಸ್ಟ್ರೀಟ್ಸ್

ದಿ ಸ್ಟ್ರೀಟ್ಸ್: ಮೈಕ್ ಸ್ಕಿನ್ನರ್ (ಜನನ 1978) ಕಟ್ಟಿ ನಡೆಸುತ್ತಿರುವ ಬ್ರಿಟಿಷ್ ರ‍್ಯಾಪ್ ಮತ್ತು ಗ್ಯಾರೇಜ್ ಸಂಗೀತ ಬಳಗ. ವೇದಿಕೆಯ ಮೇಲೆ ವಾದ್ಯಗಾರರೂ ಗಾಯಕರೂ ಜೊತೆಗಿರುತ್ತಾರೆ. ಆದರೆ ಸಾಹಿತ್ಯ, ಮುಖ್ಯ ದನಿ ಮತ್ತು ಸಂಗೀತ ನಿರ್ಮಾಣ ಬಹುಪಾಲು ಸ್ಕಿನ್ನರ್ ಒಬ್ಬರದೇ. 2002ರಿಂದ 2011ರವರೆಗೆ ಐದು ಆಲ್ಬಂಗಳು ಬಂದವು. ಕೆಲವು ವರ್ಷಗಳ ಬಿಡುವಿನ ನಂತರ ಬಳಗ ಮತ್ತೆ ಸಕ್ರಿಯವಾಯಿತು. ಕುಣಿತಕ್ಕೆಂದೇ ಹುಟ್ಟಿದ ಗ್ಯಾರೇಜ್ ಲಯವನ್ನು ಮನೆಯಲ್ಲಿ ಕೂತು ಕೇಳುವ ಕಥನಕ್ಕೆ ಒಗ್ಗಿಸಿದ್ದು ಇದರ ಮುಖ್ಯ ಸಾಧನೆ.

ಹಿನ್ನೆಲೆ: ಲಂಡನ್ ಗ್ಯಾರೇಜ್

ಗ್ಯಾರೇಜ್‌ನ ಬೇರು ಅಮೆರಿಕದಲ್ಲಿದೆ. ನ್ಯೂಯಾರ್ಕ್‌ನ ಪ್ಯಾರಡೈಸ್ ಗ್ಯಾರೇಜ್ ಎಂಬ ಕ್ಲಬ್ಬಿನ ಹೆಸರು ಅಲ್ಲಿ ನುಡಿಸುತ್ತಿದ್ದ ಸಂಗೀತಕ್ಕೂ ಅಂಟಿಕೊಂಡಿತು. 1990ರ ದಶಕದಲ್ಲಿ ಲಂಡನ್ನಿನ ಡಿಜೆಗಳು ಅಮೆರಿಕದ ರೆಕಾರ್ಡ್‌ಗಳ ವೇಗ ಹೆಚ್ಚಿಸಿ ನುಡಿಸತೊಡಗಿದರು. ಜಂಗಲ್ ಸಂಗೀತದ ಭಾರವಾದ ಬೇಸ್ ಕೂಡ ಇದಕ್ಕೆ ಬೆರೆತು, ನಿಮಿಷಕ್ಕೆ ಸುಮಾರು 130 ಬಡಿತಗಳ ಹೊಸ ಶೈಲಿಯೊಂದು ರೂಪುಗೊಂಡಿತು.

ಅದರಲ್ಲಿ ಟೂ-ಸ್ಟೆಪ್ ಎಂಬ ಪ್ರಭೇದ ವಿಶೇಷ ಗಮನಕ್ಕೆ ಅರ್ಹ. ಹೌಸ್ ಸಂಗೀತದಲ್ಲಿ ನಾಲ್ಕು ಬಡಿತಗಳ ಪ್ರತಿ ಆವರ್ತದಲ್ಲೂ ಕಿಕ್ ಡ್ರಮ್ ನಾಲ್ಕು ಸಲ, ಒಂದೂ ತಪ್ಪದೆ ಬೀಳುತ್ತದೆ. ಟೂ-ಸ್ಟೆಪ್‌ನಲ್ಲಿ ಎರಡನೆಯ ಮತ್ತು ನಾಲ್ಕನೆಯ ಬಡಿತಗಳ ಕಿಕ್ ಮಾಯವಾಗಿ, ಅಲ್ಲಿ ಸ್ನೇರ್ ಮಾತ್ರ ಉಳಿಯುತ್ತದೆ. ಮೊದಲ ಬಡಿತದ ನಂತರದ ಕಿಕ್ ಹಲವು ಬಾರಿ ಬಡಿತದ ಮೇಲೆ ಬೀಳದೆ ಎರಡರ ನಡುವಿನ ಸಂದಿಯಲ್ಲಿ ಬೀಳುತ್ತದೆ. ಹೈ-ಹ್ಯಾಟ್‌ಗಳು ಸಮಸಮವಾಗಿ ನಡೆಯದೆ ತುಸು ತಡವರಿಸುತ್ತವೆ. ವೇಗ ಅಷ್ಟೇ ಇದ್ದರೂ ಹೊಡೆತಗಳ ನಡುವೆ ತೆರಪು ಹುಟ್ಟುತ್ತದೆ. ಮೊದಲು ಆ ತೆರಪನ್ನು ತುಂಬಿದ್ದು ಕತ್ತರಿಸಿ ಜೋಡಿಸಿದ ಗಾಯನದ ತುಣುಕುಗಳು ಮತ್ತು ಕುಣಿಯುವವರನ್ನು ಹುರಿದುಂಬಿಸುವ ಎಂಸಿಗಳ ಚುಟುಕು ಕೂಗುಗಳು. ಸ್ಕಿನ್ನರ್ ಅದೇ ಜಾಗದಲ್ಲಿ ಉದ್ದನೆಯ, ಸಾವಧಾನದ ಮಾತನ್ನು ಕೂರಿಸಿದರು.

ಈ ಸಂಗೀತ ಊರೆಲ್ಲ ಹಬ್ಬಿದ್ದು ಪರವಾನಗಿಯಿಲ್ಲದ ಪೈರೇಟ್ ರೇಡಿಯೊಗಳಿಂದ. ಬಹುಮಹಡಿ ವಸತಿ ಕಟ್ಟಡಗಳ ಚಾವಣಿಯಲ್ಲಿ ಆಂಟೆನಾ ನಿಲ್ಲಿಸಿ, ಇನ್ನೂ ಮಾರುಕಟ್ಟೆಗೆ ಬಾರದ ಹಾಡುಗಳನ್ನು ಡಬ್‌ಪ್ಲೇಟ್ ಎಂಬ ಬಿಡಿ ತಟ್ಟೆಗಳಿಂದ ಬಿತ್ತರಿಸುತ್ತಿದ್ದರು. ಆರ್ಟ್‌ಫುಲ್ ಡಾಡ್ಜರ್‌ನಂಥವರ ಮೂಲಕ 1999ರ ಹೊತ್ತಿಗೆ ಗ್ಯಾರೇಜ್ ಜನಪ್ರಿಯ ಪಟ್ಟಿಗಳ ಮೇಲ್ತುದಿಗೆ ಏರಿತ್ತು. 2001ರಲ್ಲಿ ಸೋ ಸಾಲಿಡ್ ಕ್ರೂ ಮೊದಲ ಸ್ಥಾನ ಮುಟ್ಟಿತು.

ಆರಂಭ

ಸ್ಕಿನ್ನರ್ ಬೆಳೆದದ್ದು ಬರ್ಮಿಂಗ್‌ಹ್ಯಾಮ್‌ನ ವೆಸ್ಟ್ ಹೀತ್ ಬಡಾವಣೆಯಲ್ಲಿ. ಗ್ಯಾರೇಜ್‌ನ ಕೇಂದ್ರವಾದ ಲಂಡನ್ನಿನಿಂದ ಇದ್ದ ಈ ದೂರವೂ ಅವರ ದೃಷ್ಟಿಯನ್ನು ರೂಪಿಸಿರಬಹುದು: ಅವರ ಹಾಡುಗಳಲ್ಲಿ ಕ್ಲಬ್ಬಿನ ವೈಭವಕ್ಕಿಂತ ಕೋಣೆ, ಬಸ್ಸು, ಪಬ್ಬು, ತಿಂಡಿ ಅಂಗಡಿಗಳೇ ಹೆಚ್ಚು. 2001ರ ಕೊನೆಯಲ್ಲಿ ಬಂದ ‘ಹ್ಯಾಸ್ ಇಟ್ ಕಮ್ ಟು ದಿಸ್?’ ಬ್ರಿಟನ್ನಿನ ಪಟ್ಟಿಯಲ್ಲಿ 18ನೆಯ ಸ್ಥಾನ ಪಡೆಯಿತು.

ಒರಿಜಿನಲ್ ಪೈರೇಟ್ ಮಟೀರಿಯಲ್ (2002)

ಮೊದಲ ಆಲ್ಬಂ ಬಹುಪಾಲು ತಯಾರಾದದ್ದು ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್‌ನ ಬಾಡಿಗೆ ಮನೆಯೊಂದರಲ್ಲಿ, ಲ್ಯಾಪ್‌ಟಾಪ್ ಮೇಲೆ. ಬಟ್ಟೆಯ ಕಪಾಟನ್ನು ಬರಿದು ಮಾಡಿ, ಪ್ರತಿಧ್ವನಿ ಏಳದಂತೆ ಹಾಸಿಗೆಯನ್ನು ಅಡ್ಡವಿಟ್ಟು, ಅದನ್ನೇ ಧ್ವನಿಮುದ್ರಣದ ಗೂಡಾಗಿ ಬಳಸಿದರು. ಕಿವಿಯ ಪಕ್ಕದಲ್ಲೇ ಯಾರೋ ಮಾತಾಡಿದಂತೆ ಕೇಳುವ ಒಣ ದನಿಗೆ ಈ ಏರ್ಪಾಟೂ ಒಂದು ಕಾರಣ.

ಕುಡುಕ ಟೆರ‍್ರಿ, ಗಾಂಜಾ ಸೇದುವ ವಿದ್ಯಾರ್ಥಿ ಟಿಮ್ ಇಬ್ಬರೂ ಸರದಿಯಂತೆ ವಾದ ಮಂಡಿಸುವ ‘ದಿ ಐರನಿ ಆಫ್ ಇಟ್ ಆಲ್’ ಹಾಡಿನಲ್ಲಿ ಎರಡೂ ದನಿ ಸ್ಕಿನ್ನರ್‌ದೇ. ‘ವೀಕ್ ಬಿಕಮ್ ಹೀರೋಸ್’ ಪಿಯಾನೊದ ಒಂದೇ ತುಣುಕನ್ನು ಮತ್ತೆ ಮತ್ತೆ ಸುತ್ತಿಸುತ್ತ ರೇವ್ ಕುಣಿತಗಳ ದಿನಗಳನ್ನು ನೆನೆಯುತ್ತದೆ. ಹೊದಿಕೆಯ ಮೇಲಿರುವುದು ಲಂಡನ್ನಿನ ಬಹುಮಹಡಿ ಕಟ್ಟಡವೊಂದರ ರಾತ್ರಿಚಿತ್ರ. ಅದನ್ನು ತೆಗೆದವರು ರೂಟ್ ಬ್ಲೇಸ್ ಲುಕ್ಸೆಂಬರ್ಗ್. ಆಲ್ಬಂ 2002ರ ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿ ಸೇರಿತು. ಆ ವರ್ಷದ ಪ್ರಶಸ್ತಿ ಮಿಸ್ ಡೈನಮೈಟ್ ಪಾಲಾಯಿತು.

ಎ ಗ್ರ್ಯಾಂಡ್ ಡೋಂಟ್ ಕಮ್ ಫಾರ್ ಫ್ರೀ (2004)

ಹನ್ನೊಂದು ಹಾಡುಗಳಲ್ಲಿ ಒಂದೇ ಕಥೆ. ಬಾಡಿಗೆಗೆ ತಂದ ಡಿವಿಡಿ ಹಿಂದಿರುಗಿಸುವುದು, ಹಣ ತೆಗೆಯುವುದು, ಅಮ್ಮನಿಗೆ ಫೋನ್ ಮಾಡುವುದು ಎಂಬ ಸಣ್ಣಪುಟ್ಟ ಕೆಲಸಗಳೆಲ್ಲ ಕೆಟ್ಟ ದಿನವೊಂದರಲ್ಲಿ ನಾಯಕನ ಸಾವಿರ ಪೌಂಡ್ ಕೂಡ ಕಾಣೆಯಾಗುತ್ತದೆ. ಮುಂದೆ ಸಿಮೋನ್ ಜೊತೆಗಿನ ಪ್ರೇಮ, ಜೂಜು, ಗೆಳೆಯ ಸ್ಕಾಟ್ ಮೇಲಿನ ಅನುಮಾನ, ಪ್ರೇಮಭಂಗ. ‘ಬ್ಲೈಂಡೆಡ್ ಬೈ ದ ಲೈಟ್ಸ್’ನಲ್ಲಿ ಕ್ಲಬ್ಬೇ ರಂಗಸ್ಥಳವಾದರೂ, ಅಲ್ಲಿ ಹೆಚ್ಚಾಗಿ ನಡೆಯುವುದು ಬಾರದ ಸಂಗಾತಿಗಳಿಗಾಗಿ ಕಾಯುವ ಕೆಲಸ.

ಕೊನೆಯ ಹಾಡು ‘ಎಂಪ್ಟಿ ಕ್ಯಾನ್ಸ್’ ರಚನೆಯ ದೃಷ್ಟಿಯಿಂದ ಇಡೀ ಆಲ್ಬಂನ ಕೀಲಿ. ಮೊದಲ ಅರ್ಧದಲ್ಲಿ ನಾಯಕ ಸ್ಕಾಟ್‌ನ ನೆರವನ್ನು ತಳ್ಳಿಹಾಕುತ್ತಾನೆ. ಕೆಟ್ಟ ಟಿವಿ ರಿಪೇರಿಗೆ ಬಂದವನ ಜೊತೆ ಹೊಡೆದಾಟವಾಗುತ್ತದೆ. ಅಷ್ಟರಲ್ಲಿ ಟೇಪು ಹಿಂದಕ್ಕೆ ಸುತ್ತಿದ ಸದ್ದು ಕೇಳಿ, ಕಥೆ ಮತ್ತೆ ಮೊದಲಾಗುತ್ತದೆ. ಈ ಬಾರಿ ಸ್ಕಾಟ್‌ನನ್ನು ಒಳಕ್ಕೆ ಕರೆಯುತ್ತಾನೆ. ಟಿವಿಯ ಹಿಂಬದಿ ಬಿಚ್ಚಿದಾಗ ಹಣ ಅಲ್ಲೇ ಸಿಗುತ್ತದೆ.

ಆಲ್ಬಂ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ತಲುಪಿತು. ‘ಡ್ರೈ ಯುವರ್ ಐಸ್’ ಜುಲೈ 2004ರಲ್ಲಿ ಸಿಂಗಲ್ಸ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಮರುವರ್ಷ ಸ್ಕಿನ್ನರ್‌ಗೆ ಅತ್ಯುತ್ತಮ ಬ್ರಿಟಿಷ್ ಪುರುಷ ಕಲಾವಿದನೆಂದು ಬ್ರಿಟ್ ಪ್ರಶಸ್ತಿ ಬಂತು.

ನಂತರದ ಆಲ್ಬಂಗಳು

‘ದ ಹಾರ್ಡೆಸ್ಟ್ ವೇ ಟು ಮೇಕ್ ಆ್ಯನ್ ಈಸಿ ಲಿವಿಂಗ್’ (2006) ಖ್ಯಾತಿಯ ಕಿರಿಕಿರಿಗಳನ್ನು ಕುರಿತದ್ದು. ಇದೂ ಮೊದಲ ಸ್ಥಾನ ಪಡೆದರೂ ವಿಮರ್ಶಕರ ಅಭಿಪ್ರಾಯ ಒಡೆಯಿತು. ತೀರಿಕೊಂಡ ತಂದೆಯನ್ನು ನೆನೆಯುವ ‘ನೆವರ್ ವೆಂಟ್ ಟು ಚರ್ಚ್’ ಇದರ ಅತ್ಯಂತ ಸಂಯಮದ ಹಾಡು. ‘ಎವೆರಿಥಿಂಗ್ ಈಸ್ ಬಾರೋಡ್’ (2008) ದೈನಿಕದ ವಿವರಗಳಿಂದ ದೂರ ಸರಿದು ಜೀವನ್ಮರಣಗಳ ಚಿಂತನೆಗೆ ತೊಡಗಿತು. ‘ಕಂಪ್ಯೂಟರ್ಸ್ ಆ್ಯಂಡ್ ಬ್ಲೂಸ್’ (2011) ಹುಟ್ಟಲಿರುವ ಮಗುವಿನ ಸ್ಕ್ಯಾನ್ ಚಿತ್ರವನ್ನೂ ಫೇಸ್‌ಬುಕ್ ಕಾಲದ ಪ್ರೇಮವನ್ನೂ ಹಾಡಾಗಿಸಿತು. ಅಲ್ಲಿಗೆ ಸ್ಕಿನ್ನರ್ ಈ ಹೆಸರನ್ನು ಬದಿಗಿಟ್ಟು, ರಾಬ್ ಹಾರ್ವಿ ಜೊತೆ ದಿ ಡಿ.ಒ.ಟಿ. ಎಂಬ ಜೋಡಿ ಕಟ್ಟಿದರು. 2012ರಲ್ಲಿ ಆತ್ಮಕಥನ ಪ್ರಕಟಿಸಿದರು.

2018ರಲ್ಲಿ ದಿ ಸ್ಟ್ರೀಟ್ಸ್ ಮತ್ತೆ ವೇದಿಕೆಗೆ ಬಂತು. 2020ರ ಮಿಕ್ಸ್‌ಟೇಪಿನಲ್ಲಿ ಟೇಮ್ ಇಂಪಾಲ ಮೊದಲಾದವರು ಜೊತೆಗೂಡಿದರು. 2023ರ ‘ದ ಡಾರ್ಕರ್ ದ ಶ್ಯಾಡೋ ದ ಬ್ರೈಟರ್ ದ ಲೈಟ್’ ಆಲ್ಬಂ ಅದೇ ಹೆಸರಿನ ಚಲನಚಿತ್ರದೊಂದಿಗೆ ಬಂತು. ಅದನ್ನು ಬರೆದು, ನಿರ್ದೇಶಿಸಿ, ಮುಖ್ಯ ಪಾತ್ರದಲ್ಲಿ ನಟಿಸಿದವರು ಸ್ಕಿನ್ನರ್ ಅವರೇ.

ಸ್ಥಾನ

ಗ್ಯಾರೇಜ್‌ನಿಂದ ಕವಲೊಡೆದ ಗ್ರೈಮ್ ಸಂಗೀತ ಡಿಜ್ಜಿ ರಾಸ್ಕಲ್ ಮೂಲಕ 2003ರಲ್ಲಿ ಮರ್ಕ್ಯುರಿ ಪ್ರಶಸ್ತಿ ಪಡೆಯಿತು. ಮುಂದಿನ ರ‍್ಯಾಪ್ ಬಹುಪಾಲು ಆ ಹಾದಿಯಲ್ಲೇ ನಡೆಯಿತು. ಆದ್ದರಿಂದ ದಿ ಸ್ಟ್ರೀಟ್ಸ್‌ನ ಲಯವನ್ನು ನೇರವಾಗಿ ಮುಂದುವರಿಸಿದವರು ಕಡಿಮೆ ಎನ್ನಬೇಕು. ಅದರ ಪ್ರಭಾವ ಹೆಚ್ಚಾಗಿ ಕಾಣುವುದು ಭಾಷೆಯಲ್ಲಿ. ಅಮೆರಿಕನ್ ಉಚ್ಚಾರಣೆಯನ್ನು ಎರವಲು ಪಡೆಯದೆ, ತನ್ನೂರಿನ ಆಡುಮಾತಿನಲ್ಲಿ ಸಾಮಾನ್ಯ ದಿನವೊಂದನ್ನು ವಿವರವಾಗಿ ಹೇಳುವ ಕ್ರಮವನ್ನು ಲಿಲಿ ಆ್ಯಲನ್, ಆರ್ಕ್‌ಟಿಕ್ ಮಂಕೀಸ್ ಮುಂತಾದವರ ಮೊದಲ ಆಲ್ಬಂಗಳಲ್ಲಿಯೂ ಗುರುತಿಸಬಹುದು. 2009ರಲ್ಲಿ ಗಾರ್ಡಿಯನ್ ಪತ್ರಿಕೆ ‘ಒರಿಜಿನಲ್ ಪೈರೇಟ್ ಮಟೀರಿಯಲ್’ ಅನ್ನು ದಶಕದ ಅತ್ಯುತ್ತಮ ಆಲ್ಬಂ ಎಂದು ಆರಿಸಿತು.