ಕ್ಲೋಂಡೈಕ್: ಸುತ್ತಿಗೆಯ ಹೊಳೆ

ಕೆನಡಾದ ವಾಯವ್ಯದಲ್ಲಿ ಯುಕಾನ್ ನದಿಯನ್ನು ಸೇರುವ ಕ್ಲೋಂಡೈಕ್ ಎಂದರೆ ಎಲ್ಲರಿಗೂ ಚಿನ್ನವೇ ನೆನಪು. ಆದರೆ ಆ ಹೆಸರು ಮೀನಿಗೆ ಸಂಬಂಧಿಸಿದ್ದು. ಸಾಲ್ಮನ್ ಹಿಡಿಯಲು ಹೊಳೆಯಲ್ಲಿ ಗೂಟ ಬಡಿಯುತ್ತಿದ್ದ ಕಲ್ಲಿನ ಸುತ್ತಿಗೆಯಿಂದ ಬಂದ 'ಟ್ರೋಂಡೆಕ್' ಎಂಬ ಮಾತು ಪರಕೀಯರ ಬಾಯಲ್ಲಿ ಹೀಗಾಯಿತು.

1896ರ ಆಗಸ್ಟ್‌ನಲ್ಲಿ ಇಲ್ಲಿನ ತೊರೆಯೊಂದರಲ್ಲಿ ಚಿನ್ನ ಸಿಕ್ಕಿತು. ಎರಡೇ ವರ್ಷದಲ್ಲಿ ಡಾಸನ್ ಪಟ್ಟಣದ ಜನಸಂಖ್ಯೆ 30,000ದ ಆಸುಪಾಸಿಗೆ ಏರಿತು. ನೆಲ ಬೇಸಿಗೆಯಲ್ಲೂ ಆಳದಲ್ಲಿ ಹೆಪ್ಪುಗಟ್ಟಿಯೇ ಇರುವುದರಿಂದ ಬೆಂಕಿ ಹಾಕಿ ಕರಗಿಸಿ ಅಗೆದರು; ಸುತ್ತಲಿನ ಕಾಡು ಸೌದೆಯಾಯಿತು. ಮೂಲನಿವಾಸಿಗಳು 1897ರಲ್ಲಿ ಸುಮಾರು 5 ಕಿ.ಮೀ. ಕೆಳಗಿನ ಮೂಸ್‌ಹೈಡ್‌ಗೆ ಸರಿಯಬೇಕಾಯಿತು. ಅವರ ಮುಖಂಡ ಐಸಾಕ್ ಉಳಿಸಲು ಹೊರಟಿದ್ದು ಚಿನ್ನವನ್ನಲ್ಲ, ಹಾಡುಗಳನ್ನು! ಅಳಿದುಹೋಗದಿರಲೆಂದು ಅವನ್ನು ಅಲಾಸ್ಕಾದ ಬಂಧುಗಳಿಗೆ ಒಪ್ಪಿಸಿದರು.

1899ರಲ್ಲಿ ನೋಮ್‌ನ ಚಿನ್ನದ ಸುದ್ದಿ ಬಂದದ್ದೇ ತಡ, ಸಾವಿರಾರು ವಲಸಿಗರು ಡಾಸನ್ ಬಿಟ್ಟು ಓಡಿದರು. ಮೂಲನಿವಾಸಿಗಳು ಕಣಿವೆ ಬಿಡಲಿಲ್ಲ. 1998ರ ಒಪ್ಪಂದದಿಂದ ಅವರಿಗೆ ಸ್ವಯಮಾಡಳಿತ ದಕ್ಕಿತು. ಹಾಡುಗಳೂ ಮರಳಿ ಬಂದಿವೆ.