ಹೊತ್ತೊಯ್ಯುವ ತೋಟ

ಹುಮನಾಬಾದಿನ ಬಾಡಿಗೆ ಮನೆ ಖಾಲಿ ಮಾಡಿ ಬಸವಕಲ್ಯಾಣಕ್ಕೆ ಹೊರಟ ದಿನ ಟೆಂಪೋದಾಗ ಎಲ್ಲಾ ಸಾಮಾನು ಏರಿತ್ತು, ಅವ್ವ ಮಾತ್ರ ಏರಿರಲಿಲ್ಲ. ಅಂಗಳದ ಸಿಮೆಂಟಿನ ಕಟ್ಟೆಯಲ್ಲಿ ಏಳು ವರ್ಷ ಬೆಳೆಸಿದ ತುಳಸಿ. ಪಕ್ಕದ ನೆಲದಲ್ಲಿ ಪುದೀನ, ಅಜವಾನದ ಎಲೆ. “ಕಟ್ಟಿ ಮಾಲಕರ್ದು ಖರೆ, ಗಿಡ ನಂದಲ್ಲೇನು?” ಅಂದಳು. ಅಷ್ಟು ಹಳೇ ಗಿಡ ಕಿತ್ತರೆ ಬದುಕುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು. ಕಡೆಗೆ ಒಣಗಿದ ತುಳಸಿ ತೆನೆ ಮುರಿದು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದು ಕೂತಳು. ತಾಸಿನೊಳಗಿನ ಹಾದಿ, ಒಂದು ಮಾತೂ ಆಡಲಿಲ್ಲ.

ಹೊಸ ಮನೆಗೆ ಅಂಗಳವಿಲ್ಲ. ಇರೋದು ನಾಲ್ಕು ಬಟ್ಟೆ ಒಣಹಾಕುವಷ್ಟು ಬಾಲ್ಕನಿ. “ಹೊತ್ಕೊಂಡ್ ಹೋಗೋ ಅಂಥಾ ತೋಟ ಮಾಡಿಕೊಡ್ತೀನವ್ವಾ” ಅಂದೆ. ಸುಲಭದ ಮಾತು ಅಂದುಕೊಂಡಿದ್ದೆ.

ಕಲ್ಯಾಣ ತೋಟ ಕಾಣದ ಊರಲ್ಲ. ಇಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಬರೆದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳಿವೆ. ಅದರ ಕೊನೆಯ ಭಾಗದಲ್ಲಿ ಅರಸ ವನದಲ್ಲಿ ಹೇಗೆ ವಿಹರಿಸಬೇಕು ಅನ್ನುವುದಕ್ಕೇ ಜಾಗವಿದೆ. ಅಡುಗೆಯ ಭಾಗದಲ್ಲಿ ಇಂದಿನ ಇಡ್ಲಿಯ ಹಿರಿಯಜ್ಜನಂಥ ‘ಇಡ್ಡರಿಕಾ’ ಬರುತ್ತದೆ, ಉದ್ದಿನ ಹಿಟ್ಟಿನದು, ಅದಕ್ಕೆ ಮೆಣಸು, ಜೀರಿಗೆ, ಇಂಗು. ಓದಿದರೆ ಬಾಯಲ್ಲಿ ನೀರು ಬರುತ್ತದೆ ಖರೆ. ಆದರೆ ಅದು ಮನೆ ಖಾಲಿ ಮಾಡುವ ಚಿಂತೆ ಇಲ್ಲದವನ ತೋಟ. (ಅರಸರೂ ಖಾಲಿ ಮಾಡಿದರು, ಆ ಮಾತು ಬೇರೆ.) ಇದೇ ಕಲ್ಯಾಣದ ನವಾಬರ ಮನೆತನ ಹೈದರಾಬಾದಿಗೆ ಹೋಗಿ ನೆಲೆಸಿದಾಗ ಅವರ ಅಡುಗೆಯೂ ಜತೆಗೆ ಹೋಯಿತು. ‘ಕಲ್ಯಾಣಿ ಬಿರಿಯಾನಿ’ ಅಂತ ಅಲ್ಲಿ ಇವತ್ತಿಗೂ ಮಾರುತ್ತಾರೆ. ರುಚಿ ಹೋಗುತ್ತದೆ, ಗಿಡ ಹೋಗೋದು ಕಷ್ಟ.

ಬೇರು ಸಮೇತ ಗಿಡ ಸಾಗಿಸುವ ತಲೆನೋವಿಗೆ ಒಂದು ಒಳ್ಳೆಯ ಉತ್ತರ ಸಿಕ್ಕದ್ದು ಲಂಡನ್ನಿನಲ್ಲಿ, ಅದೂ ಆಕಸ್ಮಿಕವಾಗಿ. ನಥಾನಿಯಲ್ ವಾರ್ಡ್ ಅನ್ನುವ ವೈದ್ಯ 1829ರಲ್ಲಿ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನ ಜತೆ ಗಾಜಿನ ಜಾಡಿಯಲ್ಲಿ ಮುಚ್ಚಿಟ್ಟ. ಕಲ್ಲಿದ್ದಲ ಹೊಗೆಗೆ ಅವನ ಹಿತ್ತಲಿನ ಜರಿಗಿಡಗಳೆಲ್ಲ ಸಾಯುತ್ತಿದ್ದವು, ಜಾಡಿಯೊಳಗೆ ಮಾತ್ರ ಒಂದು ಜರಿಗಿಡ ತಾನಾಗಿ ಹುಟ್ಟಿ ಬೆಳೆಯಿತು. ಒಳಗಿನ ನೀರು ಆವಿಯಾಗಿ ಗಾಜಿಗೆ ತಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. 1833ರಲ್ಲಿ ಅಂಥ ಎರಡು ಪೆಟ್ಟಿಗೆಗಳನ್ನು ಹಡಗಿನಲ್ಲಿ ಸಿಡ್ನಿಗೆ ಕಳಿಸಿದ. ತಿಂಗಳುಗಟ್ಟಲೆ ಪಯಣ ಮುಗಿಸಿ ಗಿಡಗಳು ಹಸಿರಾಗಿಯೇ ಇಳಿದವು. ಆಮೇಲೆ ರಾಬರ್ಟ್ ಫಾರ್ಚ್ಯೂನ್ ಚೀನಾದ ಚಹಾ ಸಸಿಗಳನ್ನು ಇದೇ ಪೆಟ್ಟಿಗೆಗಳಲ್ಲಿ ಗುಟ್ಟಾಗಿ ಇಂಡಿಯಾಕ್ಕೆ ಸಾಗಿಸಿದ. ನಾವು ದಿನಾ ಕುಡಿಯುವ ಚಹಾದ ಕತೆಯಲ್ಲಿ ಒಂದು ಕಳ್ಳಸಾಗಣೆಯೂ ಇದೆ.

ನಮ್ಮ ಕಡೆ ಬಡವರಿಗೆ ಒದಗಿದ್ದು ಡಾಲ್ಡಾ ಡಬ್ಬಿ. 1937ರಲ್ಲಿ ಡಾಲ್ಡಾ ಮಾರುಕಟ್ಟೆಗೆ ಬಂತು. ಮಂದಿ ತುಪ್ಪ ಯಾವುದು, ಡಾಲ್ಡಾ ಯಾವುದು ಅಂತ ಜಗಳಾಡುತ್ತಿದ್ದರೂ ಖಾಲಿ ಡಬ್ಬಿಯ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ತಳಕ್ಕೆ ಮೊಳೆ ಹೊಡೆದು ತೂತು ಮಾಡಿದರೆ ಕುಂಡ. ಮಣ್ಣಿನ ಕುಂಡಕ್ಕಿಂತ ಹಗುರ, ಬಿದ್ದರೆ ಒಡೆಯುವುದಿಲ್ಲ. ಒಂದೇ ದೋಷವೆಂದರೆ ಎರಡು-ಮೂರು ಮಳೆಗಾಲಕ್ಕೆ ತಳ ತುಕ್ಕು ಹಿಡಿದು ಉದುರುತ್ತದೆ.

ನನ್ನ ಮೊದಲ ಪೆಟ್ಟಿಗೆ ಮಾತ್ರ ಫಜೀತಿಯಾಯಿತು. ಹಣ್ಣಿನಂಗಡಿಯ ಖೋಕಾದ ಹಲಗೆ ತಂದು ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಆಳ ಮಾಡಿದೆ. ಮಣ್ಣು ತುಂಬಿ ನೀರು ಹಾಕಿದ ಮೇಲೆ ತಾಯಿ-ಮಗ ಇಬ್ಬರೂ ಸೇರಿ ಎಳೆದರೂ ಅಲುಗಲಿಲ್ಲ. ಆಮೇಲೆ ಲೆಕ್ಕ ಹಾಕಿದೆ: ಹಸಿ ಮಣ್ಣೇ 90 ಕಿಲೋ ಹತ್ತಿರ. ಅವ್ವ ನಕ್ಕಳು, ಮನೆ ಬದಲಿಸಿದ ಮೇಲೆ ಮೊದಲನೇ ಸಲ. “ಇದೂ ಕಟ್ಟೀನೇ ಆತಲ್ಲೋ!”

ಎರಡನೆಯದು ಒಂದೂವರೆ ಅಡಿ ಉದ್ದ, ಒಂಬತ್ತು ಇಂಚು ಅಗಲ, ಎಂಟು ಇಂಚು ಆಳ. ತಳಕ್ಕೆ ಆರು ತೂತು, ಮೇಲೆ ತೆಂಗಿನ ನಾರಿನ ಹಾಸು. ಅರ್ಧ ತೆಂಗಿನ ನಾರಿನ ಪುಡಿ, ಉಳಿದದ್ದು ಇಲ್ಲಿನ ಕೆಂಪು ಮಣ್ಣು, ಹಳೇ ಸಗಣಿ ಗೊಬ್ಬರ. ಎರಡೂ ಬದಿಗೆ ದಪ್ಪ ಹಗ್ಗದ ಹಿಡಿ. ಈಗ ಒಟ್ಟು 25 ಕಿಲೋ ಆಸುಪಾಸು. ಪುದೀನವನ್ನು ಪ್ರತ್ಯೇಕ ಡಬ್ಬಿಗೆ ಹಾಕಿದೆ. ಅದನ್ನು ಒಳಗೆ ಬಿಟ್ಟರೆ ಬೇರು ಹಬ್ಬಿಸಿ ಉಳಿದವರ ಜಾಗವನ್ನೆಲ್ಲ ನುಂಗುತ್ತದೆ. ಕೊತ್ತಂಬರಿ ಚಳಿಗಾಲಕ್ಕೆ ಚೆನ್ನಾಗಿ ಬಂತು. ಬೇಸಿಗೆಯ ಬಿಸಿಲಿಗೆ ಎಲೆ ಬಿಟ್ಟು ಹೂವಿಗೇ ಹೋಯಿತು, ಅದರ ಬೀಜವೂ ಗಂಟು ಸೇರಿತು.

ಸೆರಗಿನ ಗಂಟಿನ ತುಳಸಿ ಬೀಜ ಹತ್ತು-ಹನ್ನೆರಡು ದಿನಕ್ಕೆ ಮೊಳೆತಿತ್ತು. ಈಗ ಗೇಣುದ್ದ. ಬೆಳಿಗ್ಗೆ ನೀರು ಹಾಕಿದ ಮೇಲೆ ಅವ್ವ ಪೆಟ್ಟಿಗೆಯ ಒಂದು ಬದಿಯ ಹಗ್ಗ ಹಿಡಿದು ತುಸು ಎತ್ತಿ ನೋಡಿ ಇಳಿಸುತ್ತಾಳೆ.